ಮರ ಯಾರದು, ನೆರಳು ಯಾರದು?



ನನಗೆ ಕೊಟ್ಟಿರುವ ವಿಷಯ ‘ಮನುಷ್ಯ–ಪ್ರಕೃತಿ ಸಂಬಂಧ: ಸಮಾಜಶಾಸ್ತ್ರದ ನೋಟಗಳು’. ಇಂಥ ವಿಷಯಕ್ಕೆ ಒಂದು ಸುಲಭದ ದಾರಿ ಇದೆ. ಪಂಚಭೂತಗಳಿಂದ ಶುರು ಮಾಡಿ, ಪೂರ್ವಿಕರು ಪ್ರಕೃತಿಯನ್ನು ತಾಯಿ ಎಂದು ಪೂಜಿಸುತ್ತಿದ್ದರು, ನಾವು ಹಾಳು ಮಾಡಿದೆವು ಎಂದು ನಿಟ್ಟುಸಿರು ಬಿಟ್ಟು, ಎಲ್ಲರೂ ಒಂದೊಂದು ಗಿಡ ನೆಡೋಣ ಎಂದು ಮುಗಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂಡಿಗೆರೆಯ ಕಾಫಿ ಸೀಮೆಯಲ್ಲಿ ನಿಂತು ಹಾಗೆ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ಇಲ್ಲಿ ಪ್ರತಿ ಮರಕ್ಕೂ ಒಂದು ಸರ್ವೆ ನಂಬರಿದೆ, ಹಿಂದೆ ಒಂದು ವ್ಯಾಜ್ಯವಿದೆ, ಅದನ್ನು ಹತ್ತಿ ಇಳಿಯುವ ಒಬ್ಬ ಆಳಿದ್ದಾನೆ. ಆದ್ದರಿಂದ ಮರದಿಂದಲೇ ಶುರು ಮಾಡುತ್ತೇನೆ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೋ, ಬಾಳೂರು ದಾಟಿ ಕಳಸಕ್ಕೋ ಹೋಗುವಾಗ ಎಡಬಲಕ್ಕೆ ನೋಡಿ. ಕಾಫಿಯ ಮೇಲೆ ನೆರಳು ಕೊಟ್ಟು ನಿಂತಿರುವ ಮರಗಳಲ್ಲಿ ಸಾಲುಸಾಲಾಗಿ ಕಾಣುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರ. ಇಲ್ಲಿನ ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಸೊಪ್ಪಿಲ್ಲ. ಹಲಸು, ಅತ್ತಿ, ಮತ್ತಿ, ನಂದಿ, ಹೊನ್ನೆ, ಬೀಟೆ ಇದ್ದ ಜಾಗದಲ್ಲಿ ಇದು ಹೇಗೆ ಬಂದು ನಿಂತಿತು? ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ ಎಂದು ಬೆಳೆಗಾರರು ಹೇಳುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. ಉಳಿದರ್ಧ ಕಾನೂನಿನ ಪುಸ್ತಕದಲ್ಲಿದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅನುಮತಿ ಬೇಕು. ಅನುಮತಿ ಬೇಡ ಎಂದು ಬಿಟ್ಟ ಕೆಲವೇ ಜಾತಿಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ. ಬೀಟೆಯನ್ನೋ ಹೊನ್ನೆಯನ್ನೋ ಕಡಿಯಬೇಕಾದರೆ ಅರ್ಜಿ, ಮಹಜರು, ಅಳತೆ, ಪಾಸು, ಕಚೇರಿಯಿಂದ ಕಚೇರಿಗೆ ಓಡಾಟ. ಸಿಲ್ವರ್ ಓಕನ್ನು ಮಗಳ ಮದುವೆಗೆ ಮುಂಚೆ ಲಾರಿಗೆ ಹಾಕಬಹುದು.

ಎರಡು ಎಕರೆಯ ಬೆಳೆಗಾರನ ಕಣ್ಣಿಂದ ಇದನ್ನು ನೋಡಿ. ತೋಟದಲ್ಲಿ ತಾನಾಗಿ ಹುಟ್ಟಿದ ಬೀಟೆ ಸಸಿ ಅವನಿಗೆ ಆಸ್ತಿಯಲ್ಲ, ನಾಳೆಯ ತಲೆನೋವು. ದೊಡ್ಡದಾದರೆ ಅದರ ಮೇಲೆ ಹಕ್ಕು ಸರ್ಕಾರದ್ದು, ಬಿದ್ದರೆ ನಷ್ಟ ತನ್ನದು. ಕಳೆ ತೆಗೆಯುವಾಗ ಕತ್ತಿ ಆ ಸಸಿಗೂ ತಗುಲುತ್ತದೆ, ಯಾರೂ ನೋಡಿರುವುದಿಲ್ಲ. ಕಾಡು ಮರವನ್ನು ಉಳಿಸಲೆಂದೇ ಮಾಡಿದ ಕಾನೂನು ಕಾಡು ಮರದ ಸಸಿ ಮೇಲೇಳದಂತೆ ಮಾಡಿತು. ಹೀಗೆ ನಮ್ಮ ಮಲೆನಾಡಿನ ಮೇಲ್ಚಾವಣಿ ಬದಲಾಗಿದೆ. ಸಸ್ಯಶಾಸ್ತ್ರಜ್ಞರು ಬಂದು ಯಾವ ಜಾತಿ ಎಷ್ಟು ಕಡಿಮೆಯಾಯಿತು ಎಂದು ಎಣಿಸಬಹುದು. ಯಾಕೆ ಕಡಿಮೆಯಾಯಿತು ಎಂಬುದಕ್ಕೆ ತಾಲ್ಲೂಕು ಕಚೇರಿಗೂ ಒಮ್ಮೆ ಹೋಗಿಬರಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಗುಡ್ಡಗಳಲ್ಲಿ ಮನುಷ್ಯನಿಗೂ ಪ್ರಕೃತಿಗೂ ನೇರ ಭೇಟಿ ಬಹಳ ಅಪರೂಪ. ಇಬ್ಬರ ನಡುವೆ ಯಾವಾಗಲೂ ಇನ್ನೊಬ್ಬ ಮನುಷ್ಯ ನಿಂತಿರುತ್ತಾನೆ: ಶಾನುಭೋಗ, ತೋಟದ ರೈಟರು, ಫಾರೆಸ್ಟ್ ಗಾರ್ಡು, ಕಾಫಿ ವ್ಯಾಪಾರಿ, ಈಚೆಗೆ ಬ್ರಸೆಲ್ಸಿನ ಅಧಿಕಾರಿ. ಆ ನಡುವಿನವನನ್ನು ನೋಡುವುದೇ ಸಮಾಜಶಾಸ್ತ್ರದ ಕೆಲಸ.

ಈ ಕೆಲಸಕ್ಕೆ ಸಮಾಜಶಾಸ್ತ್ರ ತಡವಾಗಿ ಬಂತು ಎಂಬುದನ್ನು ಒಪ್ಪಿಕೊಳ್ಳಬೇಕು. ಸಾಮಾಜಿಕ ಸಂಗತಿಯನ್ನು ಇನ್ನೊಂದು ಸಾಮಾಜಿಕ ಸಂಗತಿಯಿಂದಲೇ ವಿವರಿಸಬೇಕು ಎಂದು ಎಮಿಲ್ ಡರ್ಕೈಮ್ 1895ರಲ್ಲಿ ಗೆರೆ ಎಳೆದರು. ಅದರ ನೆರಳಲ್ಲಿ ಬೆಳೆದವರಿಗೆ ಮಳೆ, ಮಣ್ಣು, ಹುಳ ಎಲ್ಲವೂ ಬೇರೆ ಇಲಾಖೆಯ ವಿಷಯವಾಯಿತು. ಮನುಷ್ಯ ಸಮಾಜ ನೆಲದ ಮಿತಿಯಿಂದ ಹೊರಗೆ ನಿಂತಿದೆಯೆಂದು ನಮ್ಮ ಶಾಸ್ತ್ರ ನಂಬಿಕೊಂಡಿದೆ, ಇದು ತಪ್ಪು ಎಂದು ಅಮೆರಿಕದ ಕ್ಯಾಟನ್ ಮತ್ತು ಡನ್ಲಪ್ ಬರೆದದ್ದು 1978ರಲ್ಲಿ. ಅದಕ್ಕಿಂತ ದಶಕಗಳ ಮೊದಲೇ ಲಖ್ನೋದಲ್ಲಿ ಕೂತು ರಾಧಾಕಮಲ್ ಮುಖರ್ಜಿ ನದಿ ಬಯಲಿನ ಬೇಸಾಯ, ಜನಸಂಖ್ಯೆ, ಜಾತಿ, ಮಣ್ಣು ಎಲ್ಲವನ್ನೂ ಒಟ್ಟಿಗೆ ಇಟ್ಟು ಸಾಮಾಜಿಕ ಪರಿಸರಶಾಸ್ತ್ರದ ಬಗ್ಗೆ ಬರೆಯುತ್ತಿದ್ದರು. ನಮ್ಮ ವಿಶ್ವವಿದ್ಯಾಲಯಗಳು ಅಮೆರಿಕದವರನ್ನು ಪಠ್ಯಕ್ಕೆ ಹಾಕಿಕೊಂಡು ಮುಖರ್ಜಿಯವರನ್ನು ಮರೆತವು. ಅದು ಇನ್ನೊಂದು ಉಪನ್ಯಾಸದ ವಿಷಯ.

ಈಗ ಕಾಫಿಗೆ ಬರೋಣ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಐತಿಹ್ಯ ಇಲ್ಲಿ ಕೂತವರಿಗೆಲ್ಲ ಬಾಯಿಪಾಠ. ಆ ಕಾಫಿ ಬಹಳ ಕಾಲ ಹಿತ್ತಲ ಬೆಳೆಯಾಗಿಯೇ ಇತ್ತು. ಅದು ಗುಡ್ಡಗಳನ್ನೇ ನುಂಗುವ ಬೆಳೆಯಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಥಾಮಸ್ ಕ್ಯಾನನ್‌ನಂಥ ಯುರೋಪಿಯನ್ನರು ಚಿಕ್ಕಮಗಳೂರಿನ ಸುತ್ತ ತೋಟ ಮಾಡಿದ ಮೇಲೆ. ಅದೇ ಕಾಲದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದು, ಮುಂದೆ ಮದ್ರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್, ಬೆಟ್ಟದ ಜನರ ಕುಮರಿ ಬೇಸಾಯವನ್ನು ಕಾಡಿನ ಮೊದಲ ಶತ್ರು ಎಂದು ಕಂಡರು. 1860ರಲ್ಲಿ ಮದ್ರಾಸ್ ಸರ್ಕಾರ ಕುಮರಿಗೆ ನಿಷೇಧ ಹಾಕಿತು. ಒಂದು ಕುಟುಂಬ ಒಂದು ತುಂಡು ಕಾಡು ಸುಟ್ಟು ರಾಗಿ ಚೆಲ್ಲಿ, ಎರಡು ವರ್ಷ ಬೆಳೆದು, ಮತ್ತೆ ಕಾಡಿಗೆ ಬಿಟ್ಟುಹೋದರೆ ಅದು ಅಪರಾಧ. ಒಬ್ಬ ದೊರೆ ನೂರಾರು ಎಕರೆ ಕಡಿದು ಶಾಶ್ವತವಾಗಿ ಕಾಫಿ ಹಾಕಿದರೆ ಅದು ಅಭಿವೃದ್ಧಿ. ಕಾಡಿನ ದಾಖಲೆಯಲ್ಲಿ ಆಗ ಅತಿಕ್ರಮಣಕಾರನಾದ ಕುಮರಿಯವನು ಇವತ್ತಿಗೂ ಹಾಗೆಯೇ ಇದ್ದಾನೆ.

ಆದರೆ ದೊರೆಗಳ ಲೆಕ್ಕವನ್ನು ಒಂದು ಹುಳ ಕೆಡಿಸಿತು. ಶುರುವಿನಲ್ಲಿ ಅನೇಕರು ಮರಗಳನ್ನೆಲ್ಲ ಕಡಿದು ಬಯಲಿನಲ್ಲಿ ಕಾಫಿ ಹಾಕಿದ್ದರು. 1860ರ ದಶಕದಲ್ಲಿ ಕಾಂಡಕೊರಕ, ನಮ್ಮ ಕಡೆ ಎಲ್ಲರೂ ಬೋರರ್ ಅನ್ನುವ ಹುಳ, ಬಿಸಿಲಿಗೆ ಬಿದ್ದ ತೋಟಗಳನ್ನು ತಿಂದು ಹಾಕಿತು. ಮೇಲಿನಿಂದ ನೋಡಿದರೆ ಗಿಡ ಚೆನ್ನಾಗಿಯೇ ಕಾಣುತ್ತದೆ. ಹಿಡಿದು ಅಲ್ಲಾಡಿಸಿದರೆ ಕಾಂಡ ಮುರಿದು ಕೈಗೆ ಬರುತ್ತದೆ, ಒಳಗೆ ಪುಡಿ. ನೆರಳಿದ್ದ ಕಡೆ ಅದರ ಹಾವಳಿ ಕಡಿಮೆ. ಪಕ್ಕದ ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಬರೆದ ಪುಸ್ತಕದಲ್ಲಿ ನೆರಳಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಅತ್ತ ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನೇ ಅಳಿಸಿಹಾಕಿ, ಆ ದ್ವೀಪ ಟೀ ಬೆಳೆಯುವಂತೆ ಮಾಡಿತು. ನಮ್ಮಲ್ಲಿ ಕಾಫಿ ಮರಗಳ ಕೆಳಗೆ ಉಳಿಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಸಂಶೋಧನಾ ಕೇಂದ್ರ ಶುರುವಾದದ್ದು, 1940ರ ದಶಕದಲ್ಲಿ ಅಲ್ಲಿಂದ ಎಸ್.795 ತಳಿ ಬಂದದ್ದು, ಎಲ್ಲವೂ ಈ ರೋಗ–ಹುಳದ ಜೊತೆಗಿನ ಜಗ್ಗಾಟದ ಮುಂದುವರಿಕೆ.

ಇದರಲ್ಲಿ ನಾವು ಗಮನಿಸಬೇಕಾದದ್ದು ಇದೆ. ಮಲೆನಾಡಿನ ಕಾಫಿ ಬೆಳೆಗಾರ ಹುಟ್ಟಾ ಪರಿಸರಪ್ರೇಮಿ, ಅದಕ್ಕೇ ಮರ ಉಳಿಸಿಕೊಂಡ ಎಂದು ವೇದಿಕೆಗಳಲ್ಲಿ ಕೇಳುತ್ತೇವೆ. ಪ್ರೀತಿ ಇರಬಹುದು, ಇಲ್ಲ ಅನ್ನುವುದಿಲ್ಲ. ಮರ ಉಳಿದದ್ದು ಮಾತ್ರ ಹುಳಕ್ಕೆ ಹೆದರಿ. ಸಮಾಜವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವ ನನ್ನಂಥವರಿಗೂ ಇದರಲ್ಲಿ ಪಾಠವಿದೆ. ಕಾಫಿ ಗಿಡಕ್ಕೂ ಬೋರರಿಗೂ ತಮ್ಮದೇ ಹಟ ಇತ್ತು, ಬಂಡವಾಳ ಆ ಹಟಕ್ಕೆ ಬಗ್ಗಬೇಕಾಯಿತು.

ಬಗ್ಗಿದ್ದು ಬೆಲೆ ನೆಟ್ಟಗಿರುವವರೆಗೆ. 1942ರ ಕಾನೂನಿನ ನಂತರ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಇತ್ತು, ಬೆಳೆದದ್ದನ್ನೆಲ್ಲ ಪೂಲಿಗೆ ಕೊಡಬೇಕಿತ್ತು. ಅದನ್ನು ಬೈದವರೂ ಇದ್ದಾರೆ, ನೆನೆದು ಅಳುವವರೂ ಇದ್ದಾರೆ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು, 1990ರ ದಶಕದಲ್ಲಿ ಪೂಲ್ ಕೂಡ ಹೋಯಿತು. 2000ದ ಆಸುಪಾಸಿನಲ್ಲಿ ಬೆಲೆ ನೆಲ ಕಚ್ಚಿದಾಗ ಏನಾಯಿತೆಂದು ನಿಮಗೆ ಗೊತ್ತು. ಬ್ಯಾಂಕಿನ ಕಂತು ಕಟ್ಟಲು ಮರ ಹೋಯಿತು. ನೆಲವನ್ನೂ ದುಡಿಮೆಯನ್ನೂ ಮಾರುವ ಸರಕಿನಂತೆ ಕಾಣತೊಡಗಿದರೆ ಸಮಾಜದ ಬುಡವೇ ಅಲ್ಲಾಡುತ್ತದೆ ಎಂದು ಕಾರ್ಲ್ ಪೊಲಾನ್ಯಿ 1944ರಲ್ಲಿ ವಾದಿಸಿದ್ದರು. ಅವರು ಕಾಫಿ ತೋಟ ನೋಡಿರಲಿಲ್ಲ. ವಿಯೆಟ್ನಾಮಿನಲ್ಲಿ ಬೆಳೆ ಹೆಚ್ಚಾದರೆ ಬಣಕಲ್ಲಿನಲ್ಲಿ ನಂದಿ ಮರ ಉರುಳುವ ಈ ಲೆಕ್ಕ ಅವರಿಗೆ ಅರ್ಥವಾಗುತ್ತಿತ್ತು. 2024ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ಬೆಲೆಗೆ ಹೋದಾಗ ಉಲ್ಟಾ ನಡೆಯಿತು: ಹಡ್ಲು ಬಿದ್ದ ಗದ್ದೆಗೂ ಕಾಫಿ ಸಸಿ ಇಳಿಯಿತು. ಗದ್ದೆ ನೀರು ಹಿಡಿದಿಟ್ಟುಕೊಳ್ಳುವ ಜಾಗ ಎಂಬುದು ಆ ವರ್ಷ ಯಾರಿಗೂ ನೆನಪಾಗಲಿಲ್ಲ.

ಇಷ್ಟು ಹೊತ್ತು ಮಾಲೀಕನ ಕಡೆಯಿಂದ ನೆರಳು ನೋಡಿದೆವು. ಈಗ ಏಣಿ ಹತ್ತಿ ನೋಡೋಣ.

ಕೊಯ್ಲು ಮುಗಿದು ಮುಂಗಾರು ಹಿಡಿಯುವ ಮುಂಚೆ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ಗಿಡಕ್ಕೆ ಬೇಕಾದಷ್ಟೇ ಬೆಳಕು ಬೀಳುವಂತೆ ಮೇಲಿನ ಕೊಂಬೆ ಸವರುವ ಕೆಲಸ. ಹತ್ತುವವನ ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಹಗ್ಗ. ಕೆಳಗೆ ನಿಂತ ರೈಟರು ಕೈಚಾಚಿ ‘ಆ ಕೊಂಬೆ, ಅದರ ಪಕ್ಕದ್ದು’ ಅನ್ನುತ್ತಾರೆ. ಮೇಲಿರುವವನು ನೋಡಬೇಕಾದದ್ದು ಬೇರೆ. ಕೊಂಬೆ ಬಿದ್ದರೆ ಕಾಫಿ ಗಿಡ ಸೀಳಬಾರದು, ಮೆಣಸಿನ ಬಳ್ಳಿ ಹರಿಯಬಾರದು. ಚಗಳಿ ಇರುವೆ ಗೂಡು ಕಟ್ಟಿದೆಯೇ, ಹೆಜ್ಜೇನು ಇದೆಯೇ, ತಾನು ಕಾಲಿಟ್ಟ ಕೊಂಬೆಯ ಒಳಗೆ ಟೊಳ್ಳಿದೆಯೇ, ಗಾಳಿ ಯಾವ ಕಡೆಯಿಂದ ಬರುತ್ತಿದೆ. ಹಾಲುವಾಣದ ಮೈಯಲ್ಲಿ ಮುಳ್ಳು, ಅದರ ಕೊಂಬೆಯನ್ನು ನಂಬುವಂತಿಲ್ಲ. ಅತ್ತಿಯ ಹಾಲು ಕಣ್ಣಿಗೆ ಬೀಳಬಾರದು. ಒಂದು ಮರದ ಬಗ್ಗೆ ಇಷ್ಟು ಗೊತ್ತಿರುವವನಿಗೆ ಆ ಮರದ ಮೇಲೆ ಯಾವ ಹಕ್ಕೂ ಇಲ್ಲ. ಮರಗಸಿ ಮಾಡುವಾಗ ಬಿದ್ದು ಸತ್ತವರ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಕಾಲಮ್ಮು. ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಬಂದ ಮೇಲೆ ಇನ್ನೊಂದು ಬಗೆಯ ಸಾವು ಸೇರಿಕೊಂಡಿದೆ. ಹಗುರವಾದ ಏಣಿ, ಒಬ್ಬನೇ ಹೊತ್ತು ಸಾಗಿಸಬಹುದು, ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ತಗುಲಿದರೆ ಮುಗಿಯಿತು. ಬಿದಿರಿನ ಏಣಿಯಲ್ಲಿ ಈ ಭಯ ಇಷ್ಟಿರಲಿಲ್ಲ.

ಪ್ರಕೃತಿಯ ಜ್ಞಾನ ಸಮಾಜದಲ್ಲಿ ಸಮವಾಗಿ ಹಂಚಿಕೆಯಾಗಿಲ್ಲ, ಅದು ಕೆಲಸವನ್ನು ಹಿಂಬಾಲಿಸುತ್ತದೆ. ಇದನ್ನು ನಮ್ಮ ಯಾವ ಸಮಾಜಶಾಸ್ತ್ರಜ್ಞರಿಗಿಂತ ಚೆನ್ನಾಗಿ ಕಂಡವರು ಇದೇ ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ ‘ಕರ್ವಾಲೊ’ದಲ್ಲಿ ವಿಜ್ಞಾನಿ ಕರ್ವಾಲೊ ಹುಡುಕುತ್ತಿರುವ ಹಾರುವ ಓತಿಯನ್ನು ಕಂಡವನು ಮಂದಣ್ಣ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಕರ್ವಾಲೊ ಅವನನ್ನು ಗೌರವದಿಂದ ಕಾಣುತ್ತಾರೆ ಎಂಬುದೇ ಊರಿನವರಿಗೆ ಬಿಡಿಸಲಾಗದ ಒಗಟು. ಆ ಕಾದಂಬರಿಯನ್ನು ವಿಜ್ಞಾನದ ಕಥೆ ಎಂದು ಓದುತ್ತೇವೆ. ಅದರಲ್ಲಿ ಯಾರ ಮಾತನ್ನು ಜ್ಞಾನವೆಂದು ಒಪ್ಪುತ್ತೇವೆ ಎಂಬ ಪ್ರಶ್ನೆಯೂ ಇದೆ.

ಹೆಂಗಸರ ಲೆಕ್ಕ ಇನ್ನೂ ಬೇರೆ. ತೋಟದಲ್ಲಿ ಹಣ್ಣು ಕೊಯ್ಯುವವರು ಹೆಚ್ಚಾಗಿ ಅವರೇ. ಮಳೆಗಾಲದಲ್ಲಿ ಆಳುಗಳ ಸಾಲುಮನೆಯ, ಅಂದರೆ ಲೈನಿನ, ಒಲೆ ಮೇಲೆ ಏನಿರುತ್ತಿತ್ತು ಎಂದು ಹಳಬರನ್ನು ಕೇಳಿ: ಕೆಸುವಿನ ಎಲೆ, ಚಗಟೆ ಸೊಪ್ಪು, ಕಳಲೆ, ಅಣಬೆ, ಗದ್ದೆ ಬದುವಿನ ಏಡಿ. ಕೆಲಸ ಬಿಟ್ಟು ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದೇ ರಾತ್ರಿಯ ಸಾರು. ಈಗ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹೆಚ್ಚು ಎಂದು ಬೆನ್ನಿಗೆ ಡಬ್ಬ ಕಟ್ಟಿ ಕಳೆನಾಶಕ ಹೊಡೆಯುತ್ತಾರೆ. ನಾನು ಮಾಲೀಕರನ್ನು ದೂರುತ್ತಿಲ್ಲ, ಅವರ ಕಷ್ಟ ನಿಜವಾದದ್ದು. ಆದರೆ ಒಂದು ವಾರದಲ್ಲಿ ಕೆಂಪಗೆ ಸುಟ್ಟು ಮಲಗುವ ಆ ಹಸಿರಿನಲ್ಲಿ ಮಾಲೀಕರ ಕಳೆ ಎಷ್ಟು, ಲೈನಿನ ಸೊಪ್ಪು ಎಷ್ಟು ಎಂದು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ. ಈಗ ಲೈನುಗಳಲ್ಲಿ ಇರುವವರಲ್ಲಿ ಅನೇಕರು ಅಸ್ಸಾಮಿನಿಂದ ಬಂದವರು. ಒಂದು ಕಾಲಕ್ಕೆ ಘಟ್ಟದ ಕೆಳಗಿನಿಂದ ತುಳು ಮಾತಾಡುತ್ತಾ ಬಂದವರು ತಮ್ಮ ಭೂತಗಳನ್ನೂ ತಂದು ಇಲ್ಲಿನ ದೇವತೆ ಚೌಡಿಯ ಪಕ್ಕ ನಿಲ್ಲಿಸಿದರು, ವರ್ಷಕ್ಕೊಮ್ಮೆ ಹರಕೆ ಸಲ್ಲಿಸುವಾಗ ಸಾಹುಕಾರರೂ ಕೈಮುಗಿದು ನಿಂತರು. ಚೌಡಿ ಬನದ ನಾಲ್ಕು ಮರ ಹೀಗೆ ಉಳಿದವು. ದೇವರ ಕಾಡನ್ನು ಅತಿಯಾಗಿ ಹೊಗಳುವ ಪದ್ಧತಿ ನನಗೆ ಇಷ್ಟವಿಲ್ಲ, ನಾಲ್ಕು ಮರ ಉಳಿಸಿ ನಾನೂರು ಕಡಿದದ್ದಕ್ಕೆ ಅದು ಪರಿಹಾರವೂ ಆಗಿತ್ತು. ಹೊಸದಾಗಿ ಬಂದವರಿಗೆ ಈ ನೆಲದ ಯಾವ ಮರ ಯಾವ ದೇವರದೆಂದು ಹೇಳಿಕೊಡುವವರೂ ಇಲ್ಲ.

ಕಳಸದ ಕಡೆ ಹೋದರೆ ಈ ನಡುವಿನ ಮನುಷ್ಯ ಇನ್ನೂ ದೊಡ್ಡ ಆಕಾರದಲ್ಲಿ ಕಾಣುತ್ತಾನೆ. ಕುದುರೆಮುಖದ ಅದಿರಿಗೆ ಇರಾನಿನ ಶಾ ದುಡ್ಡು ಹಾಕುವುದೆಂದು ಒಪ್ಪಂದವಾಗಿ 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಓಡಿಹೋದ. ಗಣಿ ನಿಲ್ಲಲಿಲ್ಲ. ಬೆಟ್ಟವನ್ನು ಪುಡಿಮಾಡಿ ನೀರಲ್ಲಿ ಕಲಸಿ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು, ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಸಿಂಗಳೀಕದ ಅಧ್ಯಯನದ ಹಿನ್ನೆಲೆಯಲ್ಲಿ 1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ನೆತ್ತಿಯ ಮೇಲೆ ಒಂದೇ ಕಾಲಕ್ಕೆ ಗಣಿ ಮತ್ತು ಉದ್ಯಾನ ಎರಡೂ ನಡೆದವು. ಕೊನೆಗೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ಆದೇಶ ಮಾಡಿ, 2005ರ ಕೊನೆಗೆ ಗಣಿ ನಿಂತಿತು.

ನಿಂತದ್ದು ಸರಿಯೇ. ಭದ್ರೆಯ ನೀರು ನೋಡಿದ ಯಾರೂ ಬೇರೆ ಮಾತಾಡಲಾರರು. ಆದರೆ ಅದೇ ಬೆಟ್ಟದ ಮಡಿಲಲ್ಲಿದ್ದ ಮಲೆಕುಡಿಯ ಬುಡಕಟ್ಟಿನವರಿಗೆ, ಸಣ್ಣ ಹಿಡುವಳಿಯ ಗೌಡರಿಗೆ ಎರಡೂ ಹೊರಗಿನಿಂದ ಬಂದವು. ಗಣಿ ಬಂದಾಗ ಅವರನ್ನು ಯಾರೂ ಕೇಳಲಿಲ್ಲ, ಟೌನ್‌ಶಿಪ್ಪಿನ ಆಸ್ಪತ್ರೆ–ಶಾಲೆಯ ಲಾಭ ಹೆಚ್ಚಿನವರಿಗೆ ಸಿಗಲಿಲ್ಲ. ಉದ್ಯಾನ ಬಂದಾಗಲೂ ಕೇಳಲಿಲ್ಲ. ರಸ್ತೆಗೆ ಅನುಮತಿ ಇಲ್ಲ, ಕರೆಂಟಿಗೆ ಅನುಮತಿ ಇಲ್ಲ, ಸೀಗೆ–ಜೇನಿಗೆ ಹೋದರೆ ಕೇಸು. ಎರಡು ಸಾವಿರದ ಮೊದಲ ದಶಕದಲ್ಲಿ ಈ ಕಾಡಿಗೆ ನಕ್ಸಲರ ಬಂದೂಕು ಬಂದದ್ದಕ್ಕೆ ಕಾರಣ ಹುಡುಕುವವರು ಇಲ್ಲಿಂದಲೂ ಹುಡುಕಬೇಕು. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1995ರಲ್ಲಿ ಭಾರತದ ಜನರನ್ನು ಮೂರಾಗಿ ವಿಂಗಡಿಸಿದರು: ಸುತ್ತಲಿನ ಕಾಡು–ಹೊಳೆಯನ್ನೇ ನಂಬಿದವರು, ಎಲ್ಲಿನ ಸಂಪತ್ತನ್ನಾದರೂ ತರಿಸಿಕೊಂಡು ಉಣ್ಣುವ ಸರ್ವಭಕ್ಷಕರು, ನೆಲೆ ತಪ್ಪಿ ಪಟ್ಟಣದ ಅಂಚಿಗೆ ಬಿದ್ದ ಪರಿಸರ ನಿರಾಶ್ರಿತರು. ಕುದುರೆಮುಖದಲ್ಲಿ ಉಕ್ಕು ಬೇಕಾದವರೂ ಸರ್ವಭಕ್ಷಕರೇ, ವಾರಾಂತ್ಯಕ್ಕೆ ಹುಲ್ಲುಗಾವಲಿನ ಫೋಟೋ ಬೇಕಾದವರೂ ಸರ್ವಭಕ್ಷಕರೇ. ನಾನೂ ನೀವೂ ಅದರಲ್ಲಿ ಸೇರಿದ್ದೇವೆ.

ಒಳ್ಳೆಯ ಉದಾಹರಣೆ ಇಲ್ಲವೇ ಎಂದರೆ, ಇದೇ ಜಿಲ್ಲೆಯಲ್ಲಿದೆ. ಭದ್ರಾ ಅಭಯಾರಣ್ಯದ ಒಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2000ದ ದಶಕದ ಮೊದಲಲ್ಲಿ ಹೊರಗೆ ಬಂದವು. ಕೆಲವರಿಗೆ ತರೀಕೆರೆ ಕಡೆಯ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು, ಕೆಲವರಿಗೆ ಕೆಳಗೂರಿನಲ್ಲಿ ಕಾಫಿ ಜಮೀನು. ಅಲ್ಲಿಯೂ ದೂರುಗಳಿವೆ, ನೆಲದ ಜೊತೆಗೆ ಹೋದದ್ದನ್ನು ಯಾವ ಪರಿಹಾರವೂ ತುಂಬುವುದಿಲ್ಲ. ಆದರೂ ದೇಶದಲ್ಲಿ ಅದನ್ನು ಮಾದರಿಯೆಂದು ತೋರಿಸುತ್ತಾರೆ. ಅದಕ್ಕೆ ದೊಡ್ಡ ಕಾರಣ, ಹುಲಿಗೆ ಜಾಗ ಬಿಟ್ಟವರ ಕೈಗೆ ಹಕ್ಕುಪತ್ರ ಇರುವ ನೆಲ ಬಂತು.

ಆನೆಯ ವಿಷಯ ಎತ್ತದೆ ಇಲ್ಲಿಂದ ಇಳಿದರೆ ನೀವು ಬಿಡುವುದಿಲ್ಲ. ಚೆನ್ನಾಗಿ ನೆರಳಿರುವ, ಕೆರೆ ಇರುವ, ಹಲಸು ಹಣ್ಣಾಗುವ ತೋಟ ಆನೆಗೆ ಕಾಡೇ. ಅದು ಹಗಲು ರೊಬಸ್ಟಾದ ಒಳಗೆ ನಿಂತು ರಾತ್ರಿ ಗದ್ದೆಗೆ ಇಳಿಯುತ್ತದೆ. 2022ರ ಕೊನೆಗೆ ಸರ್ಕಾರ ಆನೆ ಕಾರ್ಯಪಡೆ ಮಾಡಿತು. ಗುಂಪು ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ, ಆನೆಗಳಿಗೆ ಹೆಸರೂ ಇದೆ: ಬೀಟಮ್ಮನ ಗುಂಪು, ಭೈರ. ಆಧುನಿಕ ಅಪಾಯಗಳು ಬಡವ ಬಲ್ಲಿದ ಎಂದು ನೋಡುವುದಿಲ್ಲ, ವರ್ಗದ ಗೋಡೆ ದಾಟುತ್ತವೆ ಎಂಬುದು 1986ರಲ್ಲಿ ಜರ್ಮನಿಯ ಉಲ್ರಿಚ್ ಬೆಕ್ ಮಂಡಿಸಿದ ವಾದ. ಇಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಬೆಳೆ ನಷ್ಟ ಮಾಲೀಕನದು, ಸಣ್ಣವನಾದರೆ ಒಂದೇ ರಾತ್ರಿಗೆ ವರ್ಷದ ದುಡಿಮೆ ಹೋಗುತ್ತದೆ. ಆದರೆ ಬೆಳಗಿನ ಮಂಜಿನಲ್ಲಿ ತಿರುವಿನಾಚೆ ಆನೆಗೆ ಎದುರಾಗುವವರು ಜೀಪಿನಲ್ಲಿ ಹೋಗುವವರಲ್ಲ, ಹಾಜರಿಗೆ ಹೊತ್ತಾಯಿತೆಂದು ಬುತ್ತಿ ಹಿಡಿದು ಓಡುವವರು. ಅಸ್ಸಾಮಿನ ಹುಡುಗನ ಫೋನಿಗೆ ಕನ್ನಡದ ಸಂದೇಶ ಬಂದು ಏನುಪಯೋಗ? ಆನೆ ಬಂದಿದೆ ಎಂದು ಆ ದಿನ ರಜೆ ಕೊಟ್ಟರೆ ಕೂಲಿ ಯಾರು ಕೊಡುತ್ತಾರೆ? ಆನೆಯ ಚಲನವಲನದ ಬಗ್ಗೆ ಸಂಶೋಧನೆಗೆ ರೇಡಿಯೋ ಕಾಲರ್ ಹಾಕುತ್ತೇವೆ. ಈ ಎರಡು ಪ್ರಶ್ನೆಗೆ ಕಾಲರ್ ಬೇಡ.

2019ರ ಆಗಸ್ಟಿನ ಮಳೆಯೂ ಇದೇ ಕಥೆ. ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆಗಳು ಮಣ್ಣಾದವು, ಚಾರ್ಮಾಡಿ ಘಾಟಿ ಮುಚ್ಚಿತು, ಕಳಸ–ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಎಂದಿನಂತೆ ಮುಳುಗಿತು. ಮಳೆ ಎಲ್ಲರ ಮೇಲೂ ಬಿತ್ತು. ಪರಿಹಾರ ಬಿದ್ದದ್ದು ದಾಖಲೆ ಇದ್ದವರ ಮೇಲೆ. ಮೂರು ತಲೆಮಾರು ಉತ್ತ ನೆಲ ಪಹಣಿಯಲ್ಲಿ ಸರ್ಕಾರಿ ಎಂದಿದ್ದರೆ, ಜರಿದುಹೋದ ತೋಟ ಕಾಗದದ ಮೇಲೆ ತೋಟವೇ ಆಗಿರಲಿಲ್ಲ. ಅಂಥ ನೆಲವನ್ನು ಸಕ್ರಮ ಮಾಡಿಸಿಕೊಳ್ಳಲು ಫಾರಂ 50, 53, 57 ಎಂದು ಬಗರ್ ಹುಕುಂ ಅರ್ಜಿ ಹಾಕಿಕೊಂಡು ಕಾದವರು ಈ ಸಭೆಯಲ್ಲೂ ಇರಬಹುದು. ಈ ನಡುವೆ 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂದು, ಒತ್ತುವರಿ ಮಾಡಿ ತೋಟ ಬೆಳೆದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಬಹುದು ಎಂದಾಯಿತು. ಲೈನಿನಲ್ಲಿ ಹುಟ್ಟಿ ಲೈನಿನಲ್ಲೇ ಮುದುಕನಾದವನು ಒಂದು ಮನೆಯಷ್ಟು ಜಾಗದ ಹಕ್ಕಿಗೆ 94ಸಿ ಅರ್ಜಿ ಹಿಡಿದು ಇನ್ನೂ ಓಡಾಡುತ್ತಿದ್ದಾನೆ. ಅರಣ್ಯ ಒತ್ತುವರಿ ತೆರವು ಎಂದಾಗ ಮೊದಲು ಜೆಸಿಬಿ ಯಾರ ಬೇಲಿಗೆ ಹೋಗುತ್ತದೆ ಎಂಬುದು ನಾನು ಹೇಳಬೇಕಾದ ವಿಷಯವಲ್ಲ.

ಹಾಗಾಗಿಯೇ ಪಶ್ಚಿಮ ಘಟ್ಟಗಳ ಕುರಿತ ಗಾಡ್ಗೀಳ್ ಸಮಿತಿಯ 2011ರ ವರದಿಗೂ ಕಸ್ತೂರಿರಂಗನ್ ಸಮಿತಿಯ 2013ರ ವರದಿಗೂ ಇಲ್ಲಿ ಬಂದ ವಿರೋಧವನ್ನು ಅಜ್ಞಾನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಕರ್ನಾಟಕದಲ್ಲಿ 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮ ಪ್ರದೇಶ ಎಂದು ಕರಡು ಬಂದಾಗ ಜನ ಓದಿದ್ದು ಗೆಜೆಟ್ಟನ್ನಲ್ಲ, ಕುದುರೆಮುಖವನ್ನು. ಮೊದಲು ಬೋರ್ಡು, ಆಮೇಲೆ ಗೇಟು, ಆಮೇಲೆ ನೋಟಿಸು. ಗಾಡ್ಗೀಳ್ ವರದಿ ತೀರ್ಮಾನವನ್ನು ಗ್ರಾಮಸಭೆಗೆ ಬಿಡಬೇಕೆಂದು ಹೇಳಿತ್ತು, ಆ ಪುಟವನ್ನು ಇಲ್ಲಿ ಯಾರಿಗೂ ಓದಿಸಲಿಲ್ಲ. ಓದಿಸಬೇಕಾದವರಿಗೆ ಓದಿಸುವ ಆಸಕ್ತಿಯೂ ಇರಲಿಲ್ಲ. ಇನ್ನೊಂದು ಮಾತು, ಕೆಲವರಿಗೆ ಕಹಿ ಅನ್ನಿಸಬಹುದು. ಪ್ರತಿಭಟನೆಯ ಮುಂದಿನ ಸಾಲಿನಲ್ಲಿ ಎರಡು ಎಕರೆಯವನನ್ನು ನಿಲ್ಲಿಸಿ, ರೆಸಾರ್ಟು ಕಟ್ಟುವವರು, ಗುಡ್ಡದ ಬುಡ ಕೊರೆದು ರಸ್ತೆ ಮಾಡಿಕೊಂಡವರು ಹಿಂದಿನ ಸಾಲಿನಲ್ಲಿ ನೆಮ್ಮದಿಯಾಗಿ ನಿಂತಿದ್ದರು. 2024ರಲ್ಲಿ ಆರನೇ ಕರಡು ಬಂದು, ರಾಜ್ಯ ಸಂಪುಟ ಅದನ್ನೂ ತಿರಸ್ಕರಿಸಿತು. ಗೆದ್ದವರು ಯಾರು ಎಂದು ಮುಂದಿನ ಮಳೆಗಾಲಗಳಲ್ಲಿ ನೋಡಬೇಕು.

ಈಗ ಹೊಸ ನಡುವಿನ ಮನುಷ್ಯ ಬಂದಿದ್ದಾನೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿ ದಿನ ಎರಡು ಸಲ ಮುಂದಕ್ಕೆ ಹೋಗಿದೆ, ಕಾನೂನು ಹೋಗಿಲ್ಲ. ನಮ್ಮ ಕಾಫಿಯ ಬಹುಪಾಲು ರಫ್ತಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಯುರೋಪಿಗೆ. ಆದ್ದರಿಂದ ಕಾಫಿ ಬೋರ್ಡು ಪ್ರತಿ ತೋಟದ ಗಡಿಯನ್ನು ಉಪಗ್ರಹದ ನಕ್ಷೆಗೆ ಸೇರಿಸುವ ನೋಂದಣಿ ಮಾಡಿಸುತ್ತಿದೆ. ಮರದ ಕೆಳಗೆ ಕಾಫಿ ಬೆಳೆಯುವ ನಮಗೆ ಇದು ಅನುಕೂಲ ಎಂದು ಒಂದು ವಾದ. ಆಗಲೂಬಹುದು. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿನ ಒಳಗಿನವು. ಅಜ್ಜನ ಹೆಸರಿನಲ್ಲೇ ಇರುವ ಪಹಣಿ, ಪೋಡಿಯಾಗದ ಸರ್ವೆ ನಂಬರು, ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ಡೀಮ್ಡ್ ಫಾರೆಸ್ಟಿನ ಗೆರೆ ತೋಟದ ನಡುವೆಯೇ ಹಾದುಹೋದ ನಕ್ಷೆ, ಇವುಗಳಲ್ಲಿ ಯಾವುದು ಉಪಗ್ರಹಕ್ಕೆ ಕಾಣುತ್ತದೆ? ಮೇಲಿನಿಂದ ನೋಡಿದರೆ ಸಿಲ್ವರ್ ಓಕ್ ಕೂಡ ಹಸಿರೇ.

ಕೊನೆಯದಾಗಿ ಒಂದು ಕೆಲಸ ಸೂಚಿಸುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ–ಪ್ರಾಣಿ–ಬಳಕೆಗಳ ಜನತಾ ದಾಖಲೆ ಇರಬೇಕು. ನಿಮ್ಮ ಪಂಚಾಯಿತಿಯ ದಾಖಲೆಯನ್ನು ಕೇಳಿ ತೆಗೆಸಿ ಓದಿ. ಯಾರನ್ನು ಕೇಳಿ ಬರೆದಿದ್ದಾರೆ ಎಂದು ನೋಡಿ. ಮರಗಸಿ ಮಾಡುವವರನ್ನು, ಸೊಪ್ಪು ಕೊಯ್ಯುವ ಹೆಂಗಸರನ್ನು, ಸಂಸೆಯ ಆಚೆಯ ಮಲೆಕುಡಿಯರನ್ನು ಕೂರಿಸಿಕೊಂಡು ಅದನ್ನು ಮತ್ತೆ ಬರೆಯಲು ಗ್ರಾಮಸಭೆಯಲ್ಲಿ ಒಂದು ನಿರ್ಣಯ ಸಾಕು, ದೊಡ್ಡ ದುಡ್ಡೇನೂ ಬೇಡ. ಇಲ್ಲಿನ ಕಾಲೇಜುಗಳ ಸಮಾಜಶಾಸ್ತ್ರದ ಮಕ್ಕಳು ರಜೆಯಲ್ಲಿ ಇದಕ್ಕೆ ಕೈ ಹಚ್ಚಬಹುದು. ತೋಟದ ಮಾಲೀಕರು ಅವರನ್ನು ಲೈನಿನೊಳಗೆ ಬಿಡಬೇಕು, ಅಷ್ಟೇ. ಮುಂದಿನ ಸಾಲಿನಲ್ಲಿ ಹಲವು ಬೆಳೆಗಾರರು ಕೂತಿದ್ದೀರಿ, ಆ ಅನುಮತಿಯನ್ನು ಪ್ರಶ್ನೋತ್ತರದ ಹೊತ್ತಿಗೇ ಕೇಳುತ್ತೇನೆ.